ಸಾವ್ಕಾರರ ಕ್ರೂಸರಿನಲ್ಲಿ ಬಂದ ಕ್ರಾಂತಿ

ನಾನು ಒಂದು ಗ್ರಾಮ ಪಂಚಾಯ್ತಿಗೆ ಎರಡೂವರೆ ವರ್ಷ ಅಧ್ಯಕ್ಷೆಯಾಗಿದ್ದೆ. ಅದಕ್ಕೂ ಮುಂಚೆ ಹನ್ನೊಂದು ವರ್ಷ ಅದೇ ಪಂಚಾಯ್ತಿಯ ವಿರುದ್ಧ ಅರ್ಜಿ ಬರೆಯುತ್ತಿದ್ದೆ. ಎರಡರಲ್ಲಿ ಯಾವ ಕೆಲಸ ಚೆನ್ನಾಗಿ ಮಾಡಿದೆ ಎಂದು ಯಾರಾದರೂ ಕೇಳಿದರೆ, ಅರ್ಜಿ ಎಂದೇ ಹೇಳುತ್ತೇನೆ.

ನನ್ನ ತವರು ಆಳಂದ ತಾಲೂಕಿನ ಮಾದನಹಿಪ್ಪರಗಾ. ಮದುವೆಯಾಗಿ ಬಂದದ್ದು ಜೇವರ್ಗಿ ತಾಲೂಕಿನಲ್ಲಿ, ನೆಲೋಗಿಯಿಂದ ಇನ್ನೂ ಒಳಗೆ ಹೋದರೆ ಸಿಗುವ ಒಂದು ಊರಿಗೆ. ಊರಿನ ಹೆಸರು ಬೇಡ. ನಮ್ಮೂರಿನವರು ಇದನ್ನು ಓದಿದರೆ ಹೆಸರಿಲ್ಲದೆಯೇ ಗುರುತು ಹಿಡಿಯುತ್ತಾರೆ, ಬೇರೆ ಊರಿನವರು ಇದು ತಮ್ಮೂರಿನದೇ ಕಥೆ ಅಂದುಕೊಳ್ಳುತ್ತಾರೆ. ಇಬ್ಬರೂ ಸರಿ.

ನನ್ನ ಗಂಡನದು ಬಸ್ ನಿಲ್ಲುವ ಜಾಗದಲ್ಲಿ ಪಂಚರ್ ಅಂಗಡಿ. ಅದರ ಪಕ್ಕದ ಕಟ್ಟೆಯೇ ನನ್ನ ಕಚೇರಿ. ಉದ್ಯೋಗ ಖಾತ್ರಿಯ ಕೂಲಿ ಹೆಂಗಸರಿಗೆ ಕೆಲಸ ಕೇಳುವ ಅರ್ಜಿ, ಕೂಲಿ ಬಂದಿಲ್ಲವೆಂಬ ಅರ್ಜಿ, ನೀರು ಬಂದಿಲ್ಲವೆಂಬ ಅರ್ಜಿ, ಎಲ್ಲವನ್ನೂ ಅಲ್ಲಿ ಕುಳಿತು ಬರೆಯುತ್ತಿದ್ದೆ. ಬಿ.ಎ. ಓದಿದ ಸೊಸೆ ಊರಲ್ಲಿ ನಾನೊಬ್ಬಳೇ ಆದ್ದರಿಂದ ಈ ಕೆಲಸ ನನ್ನ ಕೊರಳಿಗೆ ಬಿತ್ತು. ನನ್ನ ಅರ್ಜಿಗಳ ಕೊನೆಯ ಸಾಲು ಯಾವಾಗಲೂ ಒಂದೇ: 'ತಪ್ಪಿದಲ್ಲಿ ಪಂಚಾಯ್ತಿಗೆ ಬೀಗ ಜಡಿಯಲಾಗುವುದು.' ಈ ಸಾಲನ್ನು ನನಗೆ ಕಲಿಸಿದವರು ಕಾಕಾ.

ಕಾಕಾ ಎಂದರೆ ನಮ್ಮ ಕೆಂಪು ಬಾವುಟದ ಸಂಘದ ಹಿರಿಯರು. ಆಳಂದ ತಾಲೂಕಿನ ಸರಸಂಬಾದವರು, ಬಸ್ ಕಂಡಕ್ಟರ್ ಆಗಿ ನಮ್ಮ ಕಡೆ ಬಂದು, ನಿವೃತ್ತಿಯಾದ ಮೇಲೆ ಇಲ್ಲೇ ಉಳಿದುಬಿಟ್ಟರು. ಭಾಷಣ ಮಾಡುವಾಗಲೂ ಎಡಗೈಯಲ್ಲಿ ಕಾಣದ ಕಂಬಿಯೊಂದನ್ನು ಹಿಡಿದುಕೊಂಡೇ ನಿಲ್ಲುತ್ತಿದ್ದರು. ಜನ ಜಾಸ್ತಿ ಸೇರಿದರೆ ಬಾಯಿ ತಪ್ಪಿ "ಒಳಗ ನಡೀರಿ, ಒಳಗ ನಡೀರಿ" ಎನ್ನುತ್ತಿದ್ದರು. ಆ ವರ್ಷ ಚುನಾವಣೆ ಬಂದಾಗ ಅದನ್ನೇ ರಾಜಕೀಯವಾಗಿ ಅಂದರು.

"ಎಷ್ಟ್ ವರ್ಷ ಹೊರಗ ನಿಂತು ಒದರೂದು? ಈ ಸಲ ಒಳಗ ನಡೀರಿ. ನಾವೂ ನಿಂದ್ರೂಣು."

ಹದಿಮೂರು ಸ್ಥಾನಕ್ಕೆ ಹದಿಮೂರು ಜನ ನಿಂತೆವು. ಮೊದಲ ಪೆಟ್ಟು ಅಲ್ಲೇ ಬಿತ್ತು. ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಅಧಿಕಾರಿ ಕೊಟ್ಟ ಪಟ್ಟಿಯಿಂದ ಒಂದೊಂದು ಚಿತ್ರ ಆರಿಸಿಕೊಳ್ಳಬೇಕು. ಕೆಂಪು ಬಾವುಟಕ್ಕೆ ಜೀವ ತೇದ ಕಾಕಾ ಆ ಪಟ್ಟಿಯನ್ನು ಮೇಲಿಂದ ಕೆಳಗೆ ಮೂರು ಸಲ ಓದಿದರು. ಬಾಚಣಿಗೆ ಇತ್ತು, ಬಕೆಟ್ ಇತ್ತು, ಕುತ್ತಿಗೆಗೆ ಕಟ್ಟುವ ಟೈ ಇತ್ತು. ದುಡಿಯುವ ಜನರ ಗುರುತು ಅನ್ನಿಸುವಂಥದ್ದನ್ನೆಲ್ಲ ಬೇರೆಯವರು ಮೊದಲೇ ಬಾಚಿಕೊಂಡಿದ್ದರು. ನನಗೆ ಸಿಕ್ಕಿದ್ದು ಗ್ಯಾಸ್ ಸಿಲಿಂಡರ್. ಹಿಂದಿನ ತಿಂಗಳಷ್ಟೇ ಸಿಲಿಂಡರ್ ಬೆಲೆ ಏರಿತೆಂದು ಖಾಲಿ ಸಿಲಿಂಡರ್ ತಲೆಯ ಮೇಲೆ ಹೊತ್ತು ಜೇವರ್ಗಿಯಲ್ಲಿ ಧರಣಿ ಮಾಡಿದ್ದೆವು. ಈಗ ಮನೆ ಮನೆಗೆ ಹೋಗಿ "ಸಿಲಿಂಡರ್‌ಗೆ ವೋಟ್ ಹಾಕ್ರಿ" ಅಂದರೆ, ಒಬ್ಬಳು ಅಜ್ಜಿ, "ರೇಟ್ ಇಳೀತೇನ ಬೇ ತಂಗಿ?" ಎಂದು ಕೇಳಿದಳು.

ಎರಡನೆಯದು ಗಾಡಿಯ ಸಮಸ್ಯೆ. ನಮ್ಮ ಪಂಚಾಯ್ತಿಗೆ ನಾಲ್ಕು ಊರು, ಎರಡು ಲಂಬಾಣಿ ತಾಂಡಾ. ತೊಗರಿ ರಾಶಿಯ ಹೊತ್ತು. ಜನ ಮನೆಯಲ್ಲಿ ಸಿಗುತ್ತಿರಲಿಲ್ಲ, ಹೊಲ ಹೊಲ ಅಲೆಯಬೇಕು. ಎದುರು ಗುಂಪಿನವರು ಜೀಪಿನಲ್ಲಿ ಮೈಕು ಕಟ್ಟಿಕೊಂಡು, ಸ್ಟೀಲಿನ ಕೊಡ ಹಂಚುತ್ತ ಹೋಗುತ್ತಿದ್ದರು. ನಮ್ಮ ಹತ್ತಿರ ಕಾಕಾನ ಹಳೇ ಸೀಟಿ ಇತ್ತು. ಸಂಘದ ಚಂದಾ ಕೂಡಿಸಿದರೆ ಕರಪತ್ರ, ಚಹಾ, ಮಂಡಕ್ಕಿ ಸುಸಲಾಕ್ಕೆ ಸರಿಹೋಗುತ್ತಿತ್ತು, ಡೀಸೆಲ್ಲಿಗೆ ಮುಟ್ಟುತ್ತಿರಲಿಲ್ಲ.

ಆಗ ಖಡಿ ಮಷೀನಿನ ಸಾವ್ಕಾರರು ನಮ್ಮ ಪಂಚರ್ ಅಂಗಡಿಗೆ ಬಂದರು. ಊರ ಹೊರಗೆ ಕಲ್ಲು ಒಡೆದು ಜಲ್ಲಿ ಮಾಡುವ ಮಷೀನು ಅವರದು. ಅದರ ದೂಳು ಬಿಳಿ ಜೋಳದ ಮೇಲೆ, ತೊಗರಿಯ ಹೂವಿನ ಮೇಲೆ, ಒಣಹಾಕಿದ ಸಂಡಿಗೆಯ ಮೇಲೆ ಕೂಡುತ್ತಿತ್ತು. ಅವರ ವಿರುದ್ಧ ನಾನೇ ಮೂರು ಅರ್ಜಿ ಬರೆದಿದ್ದೆ. ಅವರಿಗೂ ಅದು ಗೊತ್ತಿತ್ತು. ಆದರೂ ಎರಡೂ ಕೈ ಜೋಡಿಸಿ ನಿಂತರು.

"ತಾಯಿ, ನಿಮ್ಮ ಅರ್ಜಿ ಓದೇನಿ. ಅಕ್ಷರ ಭಾಳ ಚಂದ ಅದಾವು. ನನ್ನ ಕ್ರೂಸರ್ ಗಾಡಿ ಸುಮ್ನ ನಿಂತದ. ಡ್ರೈವರ್‌ನ ಕೊಡ್ತೇನಿ, ಡೀಸೆಲ್ ಹಾಕಸ್ತೇನಿ. ಓಡಾಡ್ರಿ. ರೊಕ್ಕ ಕೊಡಂಗಿಲ್ಲ ನೋಡ್ರಿ, ರೊಕ್ಕ ಕೊಟ್ರ ನಿಮಗ ಅವಮಾನ ಮಾಡಿದಂಗ."

ಸಂಜೆ ಸಂಘದ ಸಭೆ ಕೂಡಿತು. ಸಾಹುಕಾರನ ಗಾಡಿ ಹತ್ತುವುದು ಸರಿಯೇ ಎಂದು ಒಂದು ತಾಸು ಚರ್ಚೆಯಾಯಿತು. ಕೊನೆಗೆ ಕಾಕಾ ಎದ್ದು ನಿಂತು, ಕಾಣದ ಕಂಬಿ ಹಿಡಿದು, ತೀರ್ಪು ಕೊಟ್ಟರು.

"ಗಾಡಿ ಓಡಸೂದು ಯಾರು? ಡ್ರೈವರ್. ಡ್ರೈವರ್ ಯಾರು? ದುಡಿಯೋ ವರ್ಗದವ. ನಾವು ಡ್ರೈವರ್‌ನ ಸಹಾಯ ತಗೊಳ್ಳಾಕತ್ತೇವಿ. ಅವನ ಜೋಡಿ ಗಾಡಿ ತಾನಾಗೇ ಬರ್ತದ, ಏನ್ ಮಾಡೂದು."

ನಮ್ಮ ಸಂಘದ ಇತಿಹಾಸದಲ್ಲಿ ಅಷ್ಟು ಬೇಗ ಸರ್ವಾನುಮತದಿಂದ ಪಾಸಾದ ಠರಾವು ಇನ್ನೊಂದಿಲ್ಲ. ಎಲ್ಲರ ಕಾಲೂ ನೋಯುತ್ತಿದ್ದವು.

ಏಳು ಜನ ಗೆದ್ದೆವು. ಎದುರಿನವರು ಆರು. ಕೆಂಪು ಗುಲಾಲು ಎರಚಿ ಕುಣಿದದ್ದು ಒಂದು ದಿನ. ಎರಡನೆಯ ದಿನದಿಂದ ಕಾಕಾನ ಮುಖ ಬಾಡಿತು. ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲು ಬಂದಿತ್ತು, ನಮ್ಮ ಕಡೆಯಿಂದ ನನ್ನನ್ನು ನಿಲ್ಲಿಸುವುದೆಂದು ಆಗಿತ್ತು. ಆದರೆ ಮತ ಹಾಕುವುದು ಸದಸ್ಯರು, ಅದೂ ಗುಟ್ಟಾಗಿ. ಪಕ್ಷವೇ ಇಲ್ಲದ ಚುನಾವಣೆಯಲ್ಲಿ ಪಕ್ಷಾಂತರ ಎಂಬ ಮಾತೂ ಇಲ್ಲ. ಏಳರಲ್ಲಿ ಒಬ್ಬರು ಜಾರಿದರೂ ಮುಗಿಯಿತು. ಆಗಲೇ ನಮ್ಮ ಇಬ್ಬರು ಸದಸ್ಯರ ಮನೆಗೆ ಎದುರಿನವರು ಸೀರೆ, ಹಣ್ಣು ತಂದು ಯೋಗಕ್ಷೇಮ ವಿಚಾರಿಸಿ ಹೋಗಿದ್ದರು.

ಇಂಥ ಹೊತ್ತಿನಲ್ಲಿ ಬೇರೆ ಪಕ್ಷದವರು ಸದಸ್ಯರನ್ನು ಗಾಡಿಗೆ ಹಾಕಿಕೊಂಡು ದೂರದ ಊರಿಗೆ ಪ್ರವಾಸ ಒಯ್ಯುತ್ತಾರೆ, ಮತದ ದಿನವೇ ತಂದು ಇಳಿಸುತ್ತಾರೆ. ಅದನ್ನು ನಾವು ವರ್ಷಗಟ್ಟಲೆ ಬೈದಿದ್ದೆವು. ನಾನು ಅದರ ಮೇಲೆ ಒಂದು ಕರಪತ್ರವನ್ನೇ ಬರೆದಿದ್ದೆ. ಶೀರ್ಷಿಕೆ 'ಕುರಿ ಸಂತೆ.'

"ನಾವು ಪ್ರವಾಸ ಹೋಗಂಗಿಲ್ಲ" ಎಂದರು ಕಾಕಾ. "ಅಧ್ಯಯನ ಶಿಬಿರಕ್ಕ ಹೋಗ್ತೇವಿ."

"ಎಲ್ಲೆ ಕಾಕಾ?"

"ಗಾಣಗಾಪುರಕ್ಕ."

ಭೀಮಾ ನದಿ ದಾಟಿದರೆ ಅಫಜಲಪುರ ತಾಲೂಕು, ಅಲ್ಲಿ ದತ್ತನ ಕ್ಷೇತ್ರ ಗಾಣಗಾಪುರ. ನಮ್ಮ ಭಾಗದಲ್ಲಿ ಕಡಿಮೆ ಬಾಡಿಗೆಗೆ, ಏನೂ ಕೇಳದೆ, ಮೂರು ದಿನ ಇರಲು ಕೋಣೆ ಕೊಡುವ ಜಾಗ ಅದೊಂದೇ. ಜೀವನದಲ್ಲಿ ಒಂದೂ ಗುಡಿಯ ಮೆಟ್ಟಿಲು ಹತ್ತಿಲ್ಲವೆಂದು ಹೇಳಿಕೊಳ್ಳುತ್ತಿದ್ದ ಕಾಕಾ, ಏಳು ಸದಸ್ಯರನ್ನು ಸಾವ್ಕಾರರ ಕ್ರೂಸರಿಗೆ ತುಂಬಿ, ಸೀಟಿ ಹೊಡೆದು, "ರೈಟ್" ಅಂದರು.

ಆಗ ಮಾಸ್ಕಿನ ಕಾಲ. ಎಲ್ಲರ ಮೂಗು ಬಾಯಿ ಮುಚ್ಚಿದ್ದವು, ಅಧ್ಯಯನಕ್ಕೆ ಅದು ಅನುಕೂಲವೇ ಆಯಿತು, ಆಕಳಿಸಿದರೆ ಕಾಣುತ್ತಿರಲಿಲ್ಲ. ಧರ್ಮಶಾಲೆಯ ಕೋಣೆಯಲ್ಲಿ ದೇವರ ಫೋಟೋದ ಕೆಳಗೆ ನಿಂತು ಕಾಕಾ ಹೆಚ್ಚುವರಿ ಮೌಲ್ಯದ ಬಗ್ಗೆ ಪಾಠ ಶುರು ಮಾಡಿದರು. ಮಾಲಕ ಕೂಲಿಕಾರನ ದುಡಿಮೆಯಲ್ಲಿ ಎಷ್ಟು ಕದಿಯುತ್ತಾನೆ ಎಂಬಲ್ಲಿಗೆ ಬರುವಾಗಲೆಲ್ಲ ಗುಡಿಯ ಗಂಟೆ ಮೊಳಗುತ್ತಿತ್ತು. ನಮ್ಮ ಏಳು ಜನರಲ್ಲಿ ಹಿರಿಯಳು ಖಾಲಾ. ಓಣಿ ಓಣಿ ತಿರುಗಿ ಬಳೆ ಮಾರುವಾಕೆ, ಮೂರು ಊರಿನ ಎಲ್ಲ ಹೆಂಗಸರ ಮುಂಗೈ ಅಳತೆ ಬಾಯಿಪಾಠ. ಎರಡನೆಯ ದಿನ ಮಧ್ಯಾಹ್ನ ಕಟ್ಟಿಕೊಂಡು ಬಂದ ರೊಟ್ಟಿ, ಶೇಂಗಾ ಚಟ್ನಿಯ ಹಿಂಡಿ ತೀರಿದಾಗ ಆಕೆ ಕೈ ಎತ್ತಿದಳು.

"ಕಾಕಾ, ಹೆಚ್ಚುವರಿ ಮೌಲ್ಯ ತಿಳೀತ್ರಿ. ಹೆಚ್ಚುವರಿ ರೊಟ್ಟಿ ಎಲ್ಲದಾವ?"

ಗಾಣಗಾಪುರದಲ್ಲಿ ಮಧ್ಯಾಹ್ನ ಮಧುಕರಿ ಬೇಡುವ ಪದ್ಧತಿ. ಬಡವ ಬಲ್ಲಿದ ಎನ್ನದೆ ಬಂದವರೆಲ್ಲ ಜೋಳಿಗೆ ಹಿಡಿದು ಮನೆಗಳ ಮುಂದೆ ನಿಲ್ಲುತ್ತಾರೆ, ಕೊಟ್ಟದ್ದನ್ನು ಉಣ್ಣುತ್ತಾರೆ. ಕಾಕಾ ಅರ್ಧ ನಿಮಿಷ ಯೋಚಿಸಿದರು. "ಸಾವ್ಕಾರನೂ ಬೇಡ್ತಾನ, ಕೂಲಿಯವನೂ ಬೇಡ್ತಾನ ಅಂದ್ರ ಇದು ಸಮಾನತೆನ. ನಡೀರಿ." ಖಾಲಾ ಆಗಲೇ ಸೆರಗಿನ ತುದಿ ಗಂಟು ಹಾಕಿಕೊಂಡು ಬಾಗಿಲಲ್ಲಿದ್ದಳು. "ನೀ ಬರ್ತೀಯೇನ?" ಎಂದು ನಾನು ಕೇಳಿದರೆ, "ನಮ್ಮ ದರ್ಗಾದಾಗ ನೀವು ಉಣ್ಣಂಗಿಲ್ಲೇನು ಬೇಟಿ? ಹಸಿವಿ ಹೆಸರ ಕೇಳ್ತದೇನು?" ಎಂದಳು.

ಹೀಗೆ ಪಂಚಾಯ್ತಿಯ ಅಧಿಕಾರ ಹಿಡಿಯಲಿದ್ದ ಏಳು ಮಂದಿ ಬಿಸಿಲಲ್ಲಿ ಸಾಲು ನಿಂತು ಭಿಕ್ಷೆ ಬೇಡುತ್ತಿದ್ದೆವು. ನನ್ನ ಮುಂದಿದ್ದ ಹೆಂಗಸು ರೊಟ್ಟಿ ಪಡೆದು, ಅಲ್ಲೇ ಒಂದು ತುತ್ತು ಹಾಕಿಕೊಳ್ಳಲು ಮಾಸ್ಕ್ ಇಳಿಸಿದಳು. ನೋಡಿದರೆ ನಮ್ಮೋಣಿಯವಳು, ಎದುರು ಗುಂಪಿನಿಂದ ಗೆದ್ದ ಸದಸ್ಯೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತೆವು.

"ಯಕ್ಕಾ, ನೀ ಇಲ್ಲಿ?" ಎಂದಳು.

"ಹರಕಿ ಇತ್ತು" ಎಂದೆ.

"ನಮ್ದೂ ಹರಕಿ" ಎಂದಳು. ಆಕೆಯ ಮುಂದೆ ಇನ್ನೂ ಐದು ಮಾಸ್ಕುಗಳು ತಿರುಗಿದವು. ಹದಿಮೂರೂ ಜನ ಅಲ್ಲಿದ್ದೆವು. ಕೋರಂ ತುಂಬಿತ್ತು, ಅಧಿಕಾರಿಯೊಬ್ಬರು ಇದ್ದಿದ್ದರೆ ಅಲ್ಲೇ ಸಭೆ ನಡೆಸಬಹುದಿತ್ತು.

ಊಟ ಮುಗಿಸಿ ಗಾಡಿಯ ಹತ್ತಿರ ಬಂದರೆ ಒಂದರ ಪಕ್ಕ ಒಂದು, ಅಚ್ಚು ಹೊಡೆದಂತಹ ಎರಡು ಕ್ರೂಸರುಗಳು. ಎರಡರ ಗಾಜಿನ ಮೇಲೂ 'ತಾಯಿಯ ಆಶೀರ್ವಾದ' ಎಂಬ ಅದೇ ಹಳದಿ ಬರಹ. ಇಬ್ಬರು ಡ್ರೈವರುಗಳು ಒಂದೇ ಬೆಂಚಿನಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು.

"ಅವನ್ಯಾರು?" ಎಂದು ಕಾಕಾ ನಮ್ಮ ಡ್ರೈವರನ್ನು ಕೇಳಿದರು.

"ನಮ್ಮ ಭಾವ ರೀ. ಅದೂ ನಮ್ಮ ಸಾವ್ಕಾರರ ಗಾಡಿನ. ಎರಡಕ್ಕೂ ಒಂದೇ ಪಂಪಿನಾಗ ಡೀಸೆಲ್ ಹಾಕಸ್ಯಾರ." ಅವನು ಏನನ್ನೂ ಮುಚ್ಚಿಡಲಿಲ್ಲ, ಯಾಕೆಂದರೆ ಮುಚ್ಚಿಡುವಂಥದ್ದು ಏನಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಕಾಕಾ ಎರಡೂ ಗಾಡಿಗಳಿಗೆ ಒಂದು ಸುತ್ತು ಬಂದರು. ಆಮೇಲೆ, "ದುಡಿಯೋ ವರ್ಗದವರು ಇಬ್ಬರೂ" ಎಂದರು, ತಮಗೆ ತಾವೇ ಎಂಬಂತೆ.

ಮತದ ದಿನ ನನಗೆ ಎಂಟು ಮತ ಬಂದವು. ಏಳು ಬರಬೇಕಿತ್ತು. ಎಂಟನೆಯದು ಯಾರದು ಎಂದು ಯಾರಿಗೂ ತಿಳಿಯಲಿಲ್ಲ. ಮಧುಕರಿಯ ಸಾಲಿನಲ್ಲಿ ತಾವು ಮತ್ತೆ ಮತ್ತೆ ಹೇಳಿದ ಸಮಾನತೆಯ ಮಾತು ಎದುರಿನವರ ಎದೆಗೆ ನಾಟಿದೆ ಎಂದು ಕಾಕಾ ನಂಬಿದರು. ಆರು ತಿಂಗಳು ಎಲ್ಲ ಭಾಷಣದಲ್ಲೂ ಆ ಎಂಟನೇ ಮತವನ್ನು ಎತ್ತಿ ಹೇಳಿದರು.

ಅಧಿಕಾರ ಹಿಡಿದ ಮೊದಲ ದಿನ ಟವೆಲ್ ಹೊದಿಸಿದ ಕುರ್ಚಿಯಲ್ಲಿ ಕುಳಿತೆ. ನಮ್ಮ ಪಿಡಿಒ, ಅಂದರೆ ಪಂಚಾಯ್ತಿಯ ಅಧಿಕಾರಿ, ಒಳ್ಳೆಯ ಮನುಷ್ಯ, ಆದರೆ ಸುತ್ತೋಲೆಯಿಲ್ಲದೆ ಸೀನುವವರಲ್ಲ. ನಾನು ನಮ್ಮ ಭರವಸೆಗಳ ಪಟ್ಟಿ ಮುಂದಿಟ್ಟೆ: ಕೂಲಿ ಹೆಚ್ಚಿಸುವುದು, ಕೂಲಿಕಾರರಿಗೆ ಒಂದು ಭವನ, ಖಡಿ ಮಷೀನಿನ ದೂಳಿಗೆ ತಡೆ.

"ಕೂಲಿ ದರ ದಿಲ್ಲಿಯಿಂದ ಬರ್ತದ್ರಿ ಮೇಡಂ. ಅದು ನಮ್ಮ ಕೈಯಾಗಿಲ್ಲ."

"ಭವನ?"

"ಬಂದ ಅನುದಾನದಾಗ ದೊಡ್ಡ ಪಾಲು ನೀರಿಗೆ, ಸ್ವಚ್ಛತಾಕ್ಕಂತ ಅಲ್ಲೇ ಗಂಟು ಹಾಕಿ ಕಳಸ್ತಾರ. ಉಳಿದಿದ್ದಕ್ಕ ಯೋಜನೆ ಮಾಡಿ ಮ್ಯಾಲ ಕಳಸಬೇಕು. ಮ್ಯಾಲಿಂದ ಒಪ್ಪಿಗಿ ಬರೂದ್ರಾಗ ಯೋಜನೆ ಹೆಸರು ಬದಲಿ ಆಗಿರ್ತದ."

"ಹಂಗಾರ ನಾ ಏನ್ ಮಾಡಬಹುದ್ರಿ?"

ಅವರು ಮೇಜಿನ ಡ್ರಾದಿಂದ ಹೆಬ್ಬೆರಳಷ್ಟು ದೊಡ್ಡದೊಂದು ಸಾಧನ ತೆಗೆದು ಕೊಟ್ಟರು. ಕಂಪ್ಯೂಟರಿಗೆ ಚುಚ್ಚಿದರೆ ನನ್ನ ಸಹಿ ಆಗುತ್ತದೆ, ಹಣ ಹೊರಡುತ್ತದೆ. "ಸಹಿ ಮಾಡಬಹುದ್ರಿ" ಎಂದರು.

ಹಲವು ಊರುಗಳಲ್ಲಿ ಆ ಸಾಧನ ಅಧ್ಯಕ್ಷೆಯ ಗಂಡನ ಜೇಬಿನಲ್ಲಿರುತ್ತದೆ. ನಮ್ಮೂರಿನ ಗುತ್ತಿಗೆದಾರರೂ ಪಂಚರ್ ಅಂಗಡಿಗೆ ಹೋಗಿ ನನ್ನ ಗಂಡನಿಗೆ ನಮಸ್ಕಾರ ಮಾಡಲು ಶುರು ಮಾಡಿದರು. ಅವನು, "ನನಗ ಗಾಳಿ ಹಾಕೂದು ಅಷ್ಟ ಗೊತ್ತ್ರಿ, ಅದೂ ಟೈರಿಗೆ" ಎಂದು ಕಳಿಸುತ್ತಿದ್ದ.

ಏನೂ ಮಾಡಲಿಲ್ಲವೆಂದಲ್ಲ. ಕೆಲಸ ಕೇಳಿ ಬಂದ ಅರ್ಜಿಗೆ ಅದೇ ದಿನ ಸ್ವೀಕೃತಿ ಚೀಟಿ ಕೊಡುವಂತೆ ಮಾಡಿದೆ. ಹನ್ನೊಂದು ವರ್ಷ ನಾವು ಆ ಚೀಟಿಗಾಗಿಯೇ ಬಡಿದಾಡಿದ್ದೆವು. ತಾಂಡಾಕ್ಕೆ ಬೀದಿದೀಪ ಬಂತು. ಆದರೆ ಕಟ್ಟೆಯ ಮೇಲೆ ಕುಳಿತಾಗ ಪಂಚಾಯ್ತಿ ದೊಡ್ಡದಾಗಿ ಕಾಣುತ್ತಿತ್ತು. ಒಳಗೆ ಕುಳಿತ ಮೇಲೆ ಅದು ಮೇಲಿನ ಯಾವುದೋ ಮನೆಯ ಹೊರಗಿನ ಕಟ್ಟೆಯ ಹಾಗೆ ಕಾಣತೊಡಗಿತು.

ಏಳನೆಯ ತಿಂಗಳು ಸಾವ್ಕಾರರು ಬಂದರು. ಅಲ್ಲಿಯವರೆಗೆ ಒಂದು ಮಾತೂ ಕೇಳಿರಲಿಲ್ಲ. ಖಡಿ ಮಷೀನಿನ ಪರವಾನಗಿ ಮುಂದುವರಿಸಲು ಪಂಚಾಯ್ತಿಯ ಎನ್ಒಸಿ ಬೇಕು, ಅಂದರೆ ನಮ್ಮ ತಕರಾರು ಇಲ್ಲವೆಂಬ ಪತ್ರ. ಪಿಡಿಒ ಕಪಾಟಿನಿಂದ ಹಳೇ ಕಡತ ತೆಗೆದು, ನನ್ನ ಮೂರು ಅರ್ಜಿಗಳನ್ನು ನನ್ನ ಮುಂದೆಯೇ ಹರಡಿದರು. "ಇವುಕ್ಕ ಇನ್ನೂ ಉತ್ತರ ಹೋಗಿಲ್ಲ್ರಿ ಮೇಡಂ. ನೀವ ಕೊಡಬೇಕು."

ಅರ್ಜಿದಾರಳು ನಾನು, ಉತ್ತರಿಸಬೇಕಾದವಳೂ ನಾನು. 'ತಮ್ಮ ಅರ್ಜಿಯನ್ನು ಪರಿಶೀಲಿಸಲಾಗುತ್ತಿದೆ' ಎಂದು ನನಗೆ ನಾನೇ ಪತ್ರ ಬರೆದು, ಸಹಿ ಹಾಕಿ, ಮನೆಗೆ ಅಂಚೆಯಲ್ಲಿ ಕಳಿಸಿಕೊಂಡೆ. ನಾಲ್ಕು ದಿನದ ಮೇಲೆ ಅದು ಕೈಗೆ ಬಂದಾಗ, ಒಳ್ಳೆಯ ಅಕ್ಷರವಾದರೂ ಓದಿ ಸಿಟ್ಟು ಬಂತು.

ಎನ್ಒಸಿ ಕೇಳಲು ಬಂದ ದಿನ ಸಾವ್ಕಾರರು ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ್ದರು: "ತಾಯಿ, ಆ ಎಂಟನೇ ವೋಟ್ ನಂದು. ಅವರ ಕಡೆ ಸದಸ್ಯ ಒಬ್ಬ ನಮ್ಮ ಮಷೀನಿನಾಗ ಲೆಕ್ಕ ಬರಿಯೋ ಮುನಿಮ ಇದ್ದಾನ. ಏಳಕ್ಕ ಏಳು ಭಾಳ ಬಿಗಿ ಆಗ್ತದ, ಒಂದು ಜಾಸ್ತಿ ಇರ್ಲಿ ಅಂದೆ."

ಇದನ್ನು ಕಾಕಾಗೆ ಹೇಳಿದೆ. ಅವರು ಎನ್ಒಸಿ ಕೊಡಬೇಡ ಎನ್ನುತ್ತಾರೆಂದು ನಾನು ಕಾಯುತ್ತಿದ್ದೆ.

"ತಂಗಿ, ಜಿಲ್ಲಾ ಪಂಚಾಯ್ತಿ ಚುನಾವಣಿ ಬರಾಕತ್ತದ" ಎಂದರು. "ಅಲ್ಲಿ ನಮ್ಮ ಬಾವುಟ, ನಮ್ಮ ಗುರುತು ಇಟ್ಕೊಂಡು ನಿಂದರಬಹುದು. ಮೂವತ್ತು ವರ್ಷದ ಆಸೆ ನಂದು. ಆದ್ರ ಕ್ಷೇತ್ರ ದೊಡ್ಡದು, ಒಂದು ಗಾಡಿಯಲ್ಲ, ನಾಕು ಬೇಕು. ಈಗ ಆ ಮನಿಷಾನ್ನ ಎದುರು ಹಾಕ್ಕೊಂಡ್ರ..." ಮಾತು ಅಲ್ಲಿಗೇ ಬಿಟ್ಟರು.

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಜೀವನವೆಲ್ಲ ಇನ್ನೊಬ್ಬರ ಬಸ್ಸಿನಲ್ಲಿ ನಿಂತೇ ಪ್ರಯಾಣ ಮಾಡಿದ ಮನುಷ್ಯ. ಒಂದು ಸಲ ಕೂಡಬೇಕೆನಿಸಿದರೆ ಆಶ್ಚರ್ಯವೇನು? ಷರತ್ತು ಹಾಕಿ ಕೊಡೋಣ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು: ದಿನಕ್ಕೆ ಎರಡು ಸಲ ನೀರು ಹೊಡೆದು ದೂಳು ಅಡಗಿಸಬೇಕು, ಸಂಜೆ ಆರಕ್ಕೆ ಮಷೀನು ನಿಲ್ಲಬೇಕು. ಸಾವ್ಕಾರರು ಎಲ್ಲಕ್ಕೂ ಕೈಮುಗಿದು ಒಪ್ಪಿದರು, ನಾನು ಎನ್ಒಸಿಗೆ ಸಹಿ ಹಾಕಿದೆ. ದೂಳು ನಿಜವಾಗಿಯೂ ಕಡಿಮೆಯಾಯಿತು. ನಾವು ಗೆದ್ದೆವೆಂದು ಸಂಘದ ಬೋರ್ಡಿನ ಮೇಲೆ ಬರೆದೆವು.

ಬೇಸಿಗೆ ಬಂತು. ತಾಂಡಾದಲ್ಲಿ ಬೋರು ಬತ್ತಿತು, ಟ್ಯಾಂಕರ್ ನೀರು ಕೊಡಬೇಕಾಯಿತು. ಟ್ಯಾಂಕರ್ ಇದ್ದದ್ದು ಸಾವ್ಕಾರರ ಹತ್ತಿರವೇ. ಬಿಲ್ಲು ಬರುತ್ತಿತ್ತು, ನಾನು ಆ ಸಾಧನ ಚುಚ್ಚಿ ಸಹಿ ಮಾಡುತ್ತಿದ್ದೆ. ಅತ್ತ ಹೆಂಗಸರು ನೀರಿಲ್ಲ ಎನ್ನುತ್ತಿದ್ದರು. ಇತ್ತ ಕಾಗದದಲ್ಲಿ ಟ್ಯಾಂಕರ್ ಓಡುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊರಗೆ ಗದ್ದಲ ಕೇಳಿಸಿತು. ಎದ್ದು ನೋಡುವಷ್ಟರಲ್ಲಿ ಹೊರಗಿನಿಂದ ಬಾಗಿಲು ಎಳೆದು ಬೀಗ ಹಾಕಿದರು. ಒಳಗೆ ನಾನು, ಪಿಡಿಒ, ಮತ್ತೆ ಎರಡು ಕಬ್ಬಿಣದ ಕಪಾಟು. ಕಿಟಕಿಯಲ್ಲಿ ನೋಡಿದರೆ ನಮ್ಮ ಸಂಘದ ಹೆಂಗಸರು, ಎಲ್ಲರ ತಲೆಯ ಮೇಲೂ ಖಾಲಿ ಕೊಡ. ಮುಂದೆ ನಿಂತು ಘೋಷಣೆ ಹಾಕಿಸುತ್ತಿದ್ದವಳು ಖಾಲಾ.

"ಬಾಯಾರಿದವರಿಗೆ ನೀರಿಲ್ಲ!"

"ಕುರ್ಚಿಗೆ ಮಾತ್ರ ಬೇಜಾರಿಲ್ಲ!"

ಆ ಘೋಷಣೆ ನಾನೇ ಬರೆದದ್ದು, ಆರು ವರ್ಷದ ಹಿಂದೆ, ಹಿಂದಿನ ಅಧ್ಯಕ್ಷರ ಮೇಲೆ. ಪ್ರಾಸ ಚೆನ್ನಾಗಿಯೇ ಕೂತಿತ್ತು.

"ಖಾಲಾ, ನೀ ಸದಸ್ಯಳ ಇದ್ದೀ! ನೀನೂ ಒಳಗಿರಬೇಕು!" ಎಂದು ಕಿಟಕಿಯಿಂದ ಕೂಗಿದೆ.

"ಮಾಫ್ ಕರೋ ಬೇಟಿ, ಇವತ್ತ ನನ್ನ ಡ್ಯೂಟಿ ಹೊರಗ ಅದ!"

ಎರಡನೆಯ ಸುತ್ತಿನ ಘೋಷಣೆಗೆ ನನಗೆ ತಡೆಯಲಾಗಲಿಲ್ಲ. ಹನ್ನೊಂದು ವರ್ಷದ ರೂಢಿ; ಆಕೆ ಮೊದಲ ಸಾಲು ಅಂದರೆ ನನ್ನ ಗಂಟಲು ತಾನಾಗಿಯೇ ಎರಡನೆಯದನ್ನು ಹೇಳುತ್ತದೆ. ಕಿಟಕಿಯ ಸರಳು ಹಿಡಿದು ನಾನೂ ಕೂಗಿದೆ. ಪಿಡಿಒ ಗಾಬರಿಯಾದರು.

"ಮೇಡಂ, ಒಳಗಿದ್ದವರು ಘೋಷಣಾ ಹಾಕಬಾರದ್ರಿ."

"ಹಂಗಂತ ನಿಯಮ ಅದೇನ್ರಿ?"

ಅವರು ನಿಜವಾಗಿಯೂ ಪುಸ್ತಕ ತೆಗೆದು ಹುಡುಕಿದರು. ಸಿಗಲಿಲ್ಲ. ಕಪಾಟು ಹೇಗೂ ತೆರೆದಿದೆ, ಹೊರಗೆ ಹೋಗುವ ದಾರಿಯಿಲ್ಲ ಎಂದು ಇಬ್ಬರೂ ಟ್ಯಾಂಕರಿನ ಬಿಲ್ಲುಗಳನ್ನು ತೆಗೆದು ಒಂದೊಂದಾಗಿ ನೋಡಿದೆವು. ಟ್ಯಾಂಕರ್ ದಿನಕ್ಕೆ ನಾಲ್ಕು ಸಲ ಓಡಿತ್ತು. ಆದರೆ ತಾಂಡಾಕ್ಕೆ ಹೋಗಿದ್ದು ಎರಡೇ ಸಲ, ಉಳಿದ ಎರಡು ಸಲ ಹೋದ ಜಾಗದ ಮುಂದೆ ಬರೀ 'ಊರ ಹೊರವಲಯ' ಎಂದು ಬರೆದಿತ್ತು. ಊರ ಹೊರವಲಯದಲ್ಲಿ ನೀರು ಕುಡಿಯುವ ಯಾರೂ ಇರಲಿಲ್ಲ. ಖಡಿ ಮಷೀನು ಇತ್ತು. ನಮ್ಮ ಷರತ್ತಿನಂತೆಯೇ ಸಾವ್ಕಾರರು ದಿನಕ್ಕೆ ಎರಡು ಸಲ ದೂಳಿಗೆ ನೀರು ಹೊಡೆಸುತ್ತಿದ್ದರು, ಜನ ಕುಡಿಯಬೇಕಾದ ನೀರನ್ನು, ಪಂಚಾಯ್ತಿಯ ಖರ್ಚಿನಲ್ಲಿ. ಪ್ರತಿಯೊಂದರ ಕೆಳಗೂ ನನ್ನ ಸಹಿ.

ಆ ಕ್ಷಣ ನನಗೆ ನಗು ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಮುಖ ಕಾದ ಹೆಂಚಿನಂತೆ ಸುಟ್ಟಿತು. ಕಿಟಕಿಗೆ ಹೋಗಿ, ಘೋಷಣೆ ನಿಲ್ಲಿಸಲು ಕೈ ಎತ್ತಿ, ಇದ್ದದ್ದನ್ನು ಇದ್ದ ಹಾಗೆ ಎಲ್ಲರಿಗೂ ಹೇಳಿದೆ. "ಬಿಲ್ಲಿಗೆ ಸಹಿ ಮಾಡಿದಾಕಿ ನಾನ. ತಪ್ಪು ನಂದ" ಎಂದೆ. ತಾಂಡಾದ ಒಬ್ಬಾಕೆ ಸರಳಿನ ಸಂದಿಯಿಂದ ಚಹಾದ ಲೋಟ ಒಳಗೆ ಚಾಚಿದಳು. "ಮೊದ್ಲ ಕುಡಿ. ಬೀಗ ಆಮ್ಯಾಲ ತೆಗೀತೇವಿ."

ಬುಧವಾರ ತುರ್ತು ಸಭೆ ಕರೆದೆ. ಟ್ಯಾಂಕರ್ ನೀರು ಖಡಿ ಮಷೀನಿಗೆ ಹೋಗಬಾರದು, ಬಳಸಿದ ನೀರಿನ ದುಡ್ಡನ್ನು ಸಾವ್ಕಾರರು ಮರಳಿ ಕಟ್ಟಬೇಕು, ಅವರು ತಮ್ಮದೇ ಬೋರು ಕೊರೆಸುವ ತನಕ ಕೊಟ್ಟ ಎನ್ಒಸಿ ತಡೆಹಿಡಿಯಬೇಕು: ಇವು ಠರಾವು. ಸಭೆಗೆ ಮುಂಚೆ ಕಾಕಾ ನನ್ನನ್ನು ಹೊರಗೆ ಕರೆದು, "ಚುನಾವಣಿ ಮುಗೀತನಕ ತಡಿ ತಂಗಿ" ಎಂದರು. ಪಕ್ಕದಲ್ಲೇ ಇದ್ದ ಖಾಲಾ ಅದನ್ನು ಕೇಳಿಸಿಕೊಂಡಳು.

"ಕಾಕಾ, ನಾ ಬಳಿ ಮಾರೋಳು. ಬಳಿ ತೊಡಸೂಮುಂದ ಕೈ ಹಿಡೀತೇನಿ, ತೊಡಿಸಿದ ಮ್ಯಾಲ ಬಿಡ್ತೇನಿ. ಬಿಡಲಿಲ್ಲಂದ್ರ ಗಿರಾಕಿ ಒದರ್ತಾಳ. ಸಾವ್ಕಾರ್ ನಿಮ್ಮ ಕೈ ಹಿಡಿದು ಒಂದೂವರಿ ವರ್ಷ ಆತು, ಇನ್ನೂ ಬಿಟ್ಟಿಲ್ಲ. ನೀವು ಒದರಾಕತ್ತಿಲ್ಲ ಯಾಕ?"

ಕಾಕಾ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

ಸಭೆಯಲ್ಲಿ ಎದುರು ಗುಂಪಿನ ಆರೂ ಜನ ವಿರೋಧಿಸುತ್ತಾರೆಂದು ನಾವು ಲೆಕ್ಕ ಹಾಕಿದ್ದೆವು. ನಮ್ಮವರಲ್ಲೇ ಇಬ್ಬರ ಮೇಲೆ ಅನುಮಾನವಿತ್ತು. ಆದರೆ ಕಿಟಕಿಯ ಆಚೆ ಕೊಡ ಹೊತ್ತ ಹೆಂಗಸರು ಸಾಲಾಗಿ ನಿಂತಿದ್ದರು. ಮುಂದಿದ್ದವಳ ಕೈಯಲ್ಲಿ ಸೋಮವಾರದ ಅದೇ ಬೀಗ ನೇತಾಡುತ್ತಿತ್ತು. ಕೈ ಎತ್ತಿ ಎಂದೆ. ಹದಿಮೂರಕ್ಕೆ ಹದಿಮೂರು ಕೈ ಎದ್ದವು. ಎಲ್ಲಕ್ಕಿಂತ ಮೊದಲು ಎದ್ದದ್ದು ಖಡಿ ಮಷೀನಿನ ಮುನಿಮನ ಕೈ. ಅವನ ಮನೆ ಇದ್ದದ್ದು ತಾಂಡಾದ ದಾರಿಯಲ್ಲೇ.

ಸಾವ್ಕಾರರು ಒಂದು ಮಾತೂ ಜೋರಾಗಿ ಆಡಲಿಲ್ಲ. ಬೋರು ಕೊರೆಸಿದರು, ದುಡ್ಡು ಕಂತಿನಲ್ಲಿ ಕಟ್ಟಿದರು, ಎನ್ಒಸಿ ಮತ್ತೆ ತೆಗೆದುಕೊಂಡು ಹೋದರು. ಎದುರಿಗೆ ಸಿಕ್ಕಾಗ ಈಗಲೂ ಕೈ ಜೋಡಿಸುತ್ತಾರೆ. ಕ್ರೂಸರ್ ಮಾತ್ರ ಮತ್ತೆ ನಮ್ಮ ಕಡೆ ಬರಲಿಲ್ಲ. ಕಾಕಾನ ಜಿಲ್ಲಾ ಪಂಚಾಯ್ತಿ ಚುನಾವಣೆಯೂ ಬರಲಿಲ್ಲ. ಕ್ಷೇತ್ರ ವಿಂಗಡಣೆ ಎಂದರು, ಮೀಸಲಾತಿ ಪಟ್ಟಿ ಎಂದರು, ಕೋರ್ಟು ಎಂದರು. ವರ್ಷಗಳು ಉರುಳಿದವು. ಯಾವ ಚುನಾವಣೆಗಾಗಿ ನಾವು ಒಬ್ಬ ಸಾಹುಕಾರನನ್ನು ಓಲೈಸಿಕೊಂಡು ಬಂದಿದ್ದೆವೋ ಅದು ನಡೆಯಲೇ ಇಲ್ಲ. ಈ ಮಾತು ಬಂದಾಗ ಕಾಕಾ ನಗುತ್ತಾರೆ. "ಬಸ್ಸ ಬರಲಿಲ್ಲ ನೋಡು. ಟಿಕೀಟ್ ಮಾತ್ರ ಮೊದಲ ಹರದಿದ್ದೆ."

ನನ್ನ ಎರಡೂವರೆ ವರ್ಷ ಮುಗಿದು, ಮೀಸಲಾತಿ ಬದಲಾಗಿ, ಬೇರೆಯವರು ಆ ಟವೆಲ್ ಕುರ್ಚಿಗೆ ಬಂದರು. ಮುಂದಿನ ಚಳಿಗಾಲ ಆಳಂದದಲ್ಲಿ ಸಂಘದ ಜಿಲ್ಲಾ ಸಭೆ ಇತ್ತು. ಪಂಚಾಯ್ತಿಗಳಲ್ಲಿ ಗೆದ್ದ ನಮ್ಮವರೆಲ್ಲ ಅಧಿಕಾರದ ಅನುಭವ ಹೇಳಬೇಕೆಂದು ಕರೆದಿದ್ದರು. ನಾನೂ ಖಾಲಾನೂ ಕಾಕಾನೂ ಕೆಂಪು ಬಸ್ಸಿನಲ್ಲಿ ಹೋದೆವು.

ಮೈಕಿನ ಮುಂದೆ ನಿಂತು ನಾನು ಎಲ್ಲವನ್ನೂ ಹೇಳಿದೆ. ಗಾಣಗಾಪುರವನ್ನೂ ಬಿಡಲಿಲ್ಲ. ಜನ ನಕ್ಕರು, ಆಮೇಲೆ ನಗು ನಿಧಾನವಾಗಿ ಇಳಿಯಿತು. ಯಾಕೆಂದರೆ ನನ್ನ ನಂತರ ಬಂದ ಅಫಜಲಪುರ ಕಡೆಯವನು ತನ್ನೂರಿನ ಮರಳಿನ ಸಾವ್ಕಾರನ ಕಥೆ ಹೇಳಿದ. ಅವನ ನಂತರದವಳು ಇಟ್ಟಿಗೆ ಭಟ್ಟಿಯವನ ಟ್ರ್ಯಾಕ್ಟರಿನ ಕಥೆ ಹೇಳಿದಳು. ಎಲ್ಲರ ಊರಲ್ಲೂ ಡ್ರೈವರ್ ದುಡಿಯುವ ವರ್ಗದವನೇ ಆಗಿದ್ದ. ದೊಡ್ಡ ದೊಡ್ಡ ರಾಜ್ಯಗಳನ್ನೇ ಆಳಿದ ಕೆಂಪು ಪಕ್ಷಗಳಿಗೂ ಇದೇ ಆಯಿತೆಂದು ಒಬ್ಬ ಉಪನ್ಯಾಸಕರು ಉದ್ದುದ್ದ ಮಾತಿನಲ್ಲಿ ವಿವರಿಸಿದರು: ನ್ಯಾಯ, ನಿಯಮ, ಅನುದಾನ ಎಲ್ಲವನ್ನೂ ಬೇರೆ ಯಾರೋ ಮಾಡಿಟ್ಟಿರುತ್ತಾರೆ, ಪ್ರಚಾರದ ಹಣ ಇನ್ನಾರದೋ ಇರುತ್ತದೆ, ಕುರ್ಚಿ ಮಾತ್ರ ನಮ್ಮದಿರುತ್ತದೆ. ಖಾಲಾ ನನ್ನ ಕಿವಿಯಲ್ಲಿ, "ಈ ಸಾಹೇಬ್ರೂ ಗಾಣಗಾಪುರಕ್ಕ ಹೋಗಿ ಬಂದಂಗ ಕಾಣ್ತದ" ಎಂದಳು.

ಇನ್ನು ಮುಂದೆ ಯಾವ ಸಾಹುಕಾರನ ಗಾಡಿಯನ್ನೂ ಹತ್ತುವುದಿಲ್ಲ, ಪ್ರತಿ ಸದಸ್ಯರ ಮನೆಯಿಂದ ಚಂದಾ ಎತ್ತಿಯೇ ಚುನಾವಣೆ ನಡೆಸುವುದು ಎಂದು ಸಭೆ ಚಪ್ಪಾಳೆ ತಟ್ಟಿ ಠರಾವು ಮಾಡಿತು. ಆಮೇಲೆ ಊಟ. ಬಿಸಿ ಅನ್ನ, ಪುಂಡಿ ಸೊಪ್ಪಿನ ಪಲ್ಯ, ಗಟ್ಟಿ ಬೇಳೆಯ ಸಾರು. ಅಷ್ಟು ಜನಕ್ಕೆ ಅಷ್ಟು ಗಟ್ಟಿಯಾದ ಸಾರನ್ನು ನಾನು ಯಾವ ಸಂಘದ ಸಭೆಯಲ್ಲೂ ಉಂಡಿರಲಿಲ್ಲ.

ಬಡಿಸುತ್ತಿದ್ದವರನ್ನು ಕೇಳಿದೆ: "ಬ್ಯಾಳಿ ಭಾಳ ಚಲೋ ಅದ. ಎಲ್ಲೀದ್ರಿ?"

"ನಮ್ಮೂರ ದಾಲ್ ಮಿಲ್ಲಿನ ಸಾವ್ಕಾರ್ರು ಕೊಟ್ಟಾರ್ರಿ. ಎರಡು ಚೀಲ. ಭಾಳ ಒಳ್ಳೆ ಮನಿಷಾ. ಏನೂ ಕೇಳಂಗಿಲ್ಲ."

ನಾನು ಕಾಕಾನ ಮುಖ ನೋಡಿದೆ. ಕಾಕಾ ತಮ್ಮ ತಟ್ಟೆ ನೋಡಿದರು. ಖಾಲಾ ಇಬ್ಬರನ್ನೂ ನೋಡಿ, ತನ್ನ ಅನ್ನದಲ್ಲಿ ಮಧ್ಯೆ ಒಂದು ಗುಂಡಿ ಮಾಡಿ, ಬಡಿಸುವವನಿಗೆ ತಟ್ಟೆ ಮುಂದೆ ಚಾಚಿದಳು.

"ಹಾಕಪಾ ಇನ್ನೊಂದು ಸೌಟು. ಠರಾವು ನಾಳಿಯಿಂದ ಜಾರಿ."